ಬಳೆಯ ಗುರುತು

ಅಪ್ಪ ತೀರಿಕೊಂಡ ಮೂರನೇ ತಿಂಗಳಿಗೆ ತಮ್ಮ ಹೊಲದ ವಾರಸಾ ಮಾಡಿಸಲು ಓಡಾಡತೊಡಗಿದ. ಅದಕ್ಕೆ ಮೊದಲು ಬೇಕಾದದ್ದು ವಂಶಾವಳಿ. ಒಂದು ಹಾಳೆ, ಮೇಲೆ ‘ಮೂಲ ಪುರುಷ’ ಎಂದು ಬರೆದು ಅಜ್ಜನ ಹೆಸರು, ಅದರಿಂದ ಕೆಳಗಿಳಿದ ಗೆರೆಗಳು, ಗೆರೆಗಳ ತುದಿಗೆ ಮಕ್ಕಳು. ತಮ್ಮ ಬರೆದುಕೊಂಡು ಬಂದ ಕಚ್ಚಾ ಹಾಳೆಯಲ್ಲಿ ಅಜ್ಜನ ಕೆಳಗೆ ಅಪ್ಪ ಮತ್ತು ಕಾಕಾ ಇಬ್ಬರೇ ಇದ್ದರು. ಅಪ್ಪನ ಅಕ್ಕ, ಎಂಬತ್ತು ದಾಟಿದ ನಮ್ಮ ಅತ್ತಿ, ಪಡಸಾಲೆಯಲ್ಲಿ ಕೂತು ಅವನು ಓದಿದ್ದನ್ನು ಕೇಳಿಸಿಕೊಂಡಳು. ಸಿಟ್ಟು ಮಾಡಲಿಲ್ಲ. ‘ನಮ್ಮಪ್ಪಗ ನಾನೂ ಹುಟ್ಟೀನಲ್ಲೋ ತಮ್ಮಾ, ಇದರಾಗ ನಾ ಎಲ್ಲದೀನಿ?’ ಅಂದಳು.

ತಮ್ಮ ಏನೋ ಸಮಜಾಯಿಷಿ ಹೇಳಿದ. ಅತ್ತಿ ಎದ್ದು ಒಳಗೆ ಹೋದಳು. ಆ ಹಾಳೆ ನನ್ನ ಕೈಗೆ ಬಂತು. ಕಾಲೇಜಿನಲ್ಲಿ ಇತಿಹಾಸ ಓದಿದವಳು ಎಂಬ ಕಾರಣಕ್ಕೆ ‘ನೀನs ಸರಿಯಾಗಿ ಬರದು ಕೊಡು’ ಎಂದು ಕೆಲಸ ನನಗೆ ಅಂಟಿತು. ಸರ್ಕಾರಕ್ಕೆ ಬೇಕಾದದ್ದು ಮೂರು ತಲೆಮಾರು. ನಾನು ಅಲ್ಲಿಗೆ ನಿಲ್ಲಲಿಲ್ಲ. ನವಲಗುಂದ ಸೀಮೆಯ ಎರೆಹೊಲದಲ್ಲಿ ಜೋಳ, ಹತ್ತಿ, ಕಡಲೆ ಬೆಳೆದುಕೊಂಡು ಬಂದ ಒಂದು ಸಾಧಾರಣ ಒಕ್ಕಲುತನದ ಮನೆಯನ್ನು ಹತ್ತೊಂಬತ್ತನೇ ಶತಮಾನದ ಒಳಗೆ ಎಷ್ಟು ದೂರ ಹಿಂಬಾಲಿಸಬಹುದು ಎಂದು ನೋಡುವ ಆಸೆಯಾಯಿತು. ಮನೆಯಲ್ಲಿ ವಾಟ್ನಿಯ ಮಾತು ಇನ್ನೂ ಮುಗಿದಿಲ್ಲವಾದ್ದರಿಂದ ಹೆಸರುಗಳನ್ನು ಬರೆಯಬೇಡ ಎಂದು ಎಲ್ಲರೂ ಹೇಳಿದ್ದಾರೆ. ಹೆಸರಿಲ್ಲದೆಯೇ ಹೇಳುತ್ತೇನೆ.

*

ಮೊದಲ ಸಾಕ್ಷಿ ತಾನಾಗಿಯೇ ಮನೆ ಬಾಗಿಲಿಗೆ ಬಂತು. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ಹೆಳವರು ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಕೂತು, ಕಾಲು ಕಾಣದಂತೆ ಕಂಬಳಿ ಹೊದ್ದು, ದೊಡ್ಡ ಗಂಟೆ ಬಾರಿಸುತ್ತ ಬರುತ್ತಿದ್ದರಂತೆ. ನಾನು ನೋಡಿದ್ದು ಮೋಟರ್ ಸೈಕಲ್ ಮೇಲೆ ಬಂದವರನ್ನು. ಆದರೆ ಗಂಟೆ ಇತ್ತು, ಬಟ್ಟೆಯಲ್ಲಿ ಸುತ್ತಿದ ಪುಸ್ತಕ ಇತ್ತು.

ಹೆಳವ ಎಂದರೆ ಕಾಲಿಲ್ಲದವನು ಎಂದು ಅರ್ಥ. ಈ ಹೆಸರು ಬಂದುದರ ಬಗ್ಗೆ ಹಲವು ಕತೆಗಳಿವೆ. ನಮ್ಮ ಮನೆಗೆ ಬರುವ ಹೆಳವಜ್ಜ ಹೇಳುವುದು ಹೀಗೆ: ಒಂದಾನೊಂದು ಊರಿಗೆ ಕೇಡು ಬಂದು ಜನ ಸತ್ತವರು ಸತ್ತರು, ಓಡಿದವರು ಓಡಿದರು. ಕಾಲಿಲ್ಲದವನೊಬ್ಬ ಮಾತ್ರ ಉಳಿದ. ವರ್ಷಗಳ ಮೇಲೆ ಓಡಿಹೋದವರ ಮಕ್ಕಳು ತಿರುಗಿ ಬಂದಾಗ ಯಾರ ಮನೆ ಯಾವುದು, ಯಾರ ಹೊಲದ ಬದು ಎಲ್ಲಿ, ಯಾರ ಅಪ್ಪ ಯಾರು ಎಂದು ಹೇಳಬಲ್ಲವನು ಅವನೊಬ್ಬನೇ. ಅವರು ಅವನಿಗೊಂದು ಎತ್ತು ಕೊಟ್ಟು, ‘ಹಿಂಗs ಮನಿ ಮನಿಗೆ ಬಂದು ಹೇಳಕೋತ ಇರು, ನಿನ್ನ ಹೊಟ್ಟಿಗೆ ನಾವು ಹಾಕತೀವಿ’ ಅಂದರು. ಕತೆ ನಿಜವೋ ಸುಳ್ಳೋ, ವೃತ್ತಿಯ ಮರ್ಮ ಅದರಲ್ಲಿದೆ. ವಂಶಾವಳಿ ಬೇಕಾಗುವುದು ಏನೋ ಒಂದು ತುಂಡಾದಾಗ, ಮತ್ತು ಬಹುತೇಕ ಹೊಲದ ಸಲುವಾಗಿ.

ಹೆಳವಜ್ಜ ಪಡಸಾಲೆಯಲ್ಲಿ ಕೂತು ಹೇಳತೊಡಗಿದ. ಮೊದಲು ನಮ್ಮ ಬೆಡಗು, ಮನೆದೇವರು, ಮೂಲದ ಊರು. ನಮ್ಮವರು ಮಲಪ್ರಭೆಯ ಆಚೆಯಿಂದ ಬಂದವರಂತೆ. ಆಮೇಲೆ ಹೆಸರುಗಳು, ಒಂದೇ ಉಸಿರಿನಲ್ಲಿ, ಇವನ ಮಗ ಇವನು, ಇವನ ಮಕ್ಕಳು ಮೂವರು, ಹಿರಿಯವ ಆ ಊರಿಗೆ ಹೋಗಿ ನಿಂತ, ನಡುವಿನವನಿಗೆ ಸಂತಾನವಿಲ್ಲ, ಕಿರಿಯವನ ವಂಶ ನೀವು. ಏಳು ತಲೆಮಾರು. ಹಿಂದೆ ತಾಮ್ರದ ತಗಡು, ತಾಳೆಗರಿಗಳಲ್ಲಿ ಇದ್ದದ್ದು ಈಗ ಕಾಗದಕ್ಕೆ ಬಂದಿದೆ, ಆದರೆ ಅವನು ಪುಸ್ತಕ ನೋಡಿದ್ದು ಎರಡೇ ಸಲ. ಕೊನೆಗೆ ಜೋಳ, ಹಣ, ಅಪ್ಪನ ಒಂದು ಧೋತರ ಕೊಟ್ಟೆವು. ಅಪ್ಪ ಸತ್ತ ಸುದ್ದಿ ಕೇಳಿ ಅವನ ಹೆಸರಿನ ಮುಂದೆ ಏನೋ ಗುರುತು ಹಾಕಿಕೊಂಡ.

ನಮ್ಮ ಮನೆಯ ನೆನಪಿಗೂ ಹೆಳವಜ್ಜನ ಪುಸ್ತಕಕ್ಕೂ ಒಂದು ವ್ಯತ್ಯಾಸ ಅಂದೇ ಕಂಡಿತು. ಅಪ್ಪ ಯಾವಾಗಲೂ, ‘ನಮ್ಮ ಮುತ್ತ್ಯಾನ ಕಾಲಕ್ಕ ಇಂಗ್ರೇಜರು ಬಂದು ಹೊಲ ಅಳದ್ರು’ ಎನ್ನುತ್ತಿದ್ದ. ಹೆಳವಜ್ಜನ ಪ್ರಕಾರ ಆ ಹೆಸರಿನವರು ಇಬ್ಬರು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ನಮ್ಮಲ್ಲಿದೆ. ಆದ್ದರಿಂದ ಒಂದು ಮನೆಯಲ್ಲಿ ಎರಡೇ ಹೆಸರುಗಳು ಒಂದು ಬಿಟ್ಟು ಒಂದು ತಲೆಮಾರಿಗೆ ತಿರುಗಿ ತಿರುಗಿ ಬರುತ್ತವೆ. ಮನೆಯ ನೆನಪು ಅಜ್ಜ ಮೊಮ್ಮಗ ಇಬ್ಬರನ್ನೂ ಒಬ್ಬನನ್ನಾಗಿ ಮಾಡಿ, ನಡುವಿನವನನ್ನು ನುಂಗಿಹಾಕಿತ್ತು. ಇವರನ್ನು ಹಿರಿಯ, ನಡುವಿನವ, ಕಿರಿಯ ಎಂದು ಕರೆಯುತ್ತೇನೆ. ಕಿರಿಯನೇ ನನ್ನ ಮುತ್ತಜ್ಜ.

‘ನಡುವಿನಾಂವ ಏನಾದ?’ ಎಂದು ಕೇಳಿದೆ.

‘ಬರದಾಗ ಹ್ವಾದ’ ಅಂದ ಹೆಳವಜ್ಜ. ಅಷ್ಟೇ. ಮುಂದಿನ ಹೆಸರಿಗೆ ಹೋದ.

*

ಹೆಳವರ ಪುಸ್ತಕದಲ್ಲಿ ತಾರೀಖು ಇರುವುದಿಲ್ಲ. ಒಂದು ತಲೆಮಾರಿಗೆ ಇಪ್ಪತ್ತೈದು ಮೂವತ್ತು ವರ್ಷ ಎಂದು ಹಿಡಿದು ಲೆಕ್ಕ ಹಾಕಬೇಕು. ಅದು ಬರೀ ಅಂದಾಜು. ಅಂದಾಜನ್ನು ಒಂದು ಇಸವಿಗೆ ಕಟ್ಟಿಹಾಕಲು ಸರ್ಕಾರದ ಕಾಗದವೇ ಬೇಕು. ಹಾಗಾಗಿ ತಾಲ್ಲೂಕಿನ ದಾಖಲೆ ಕೋಣೆಗೆ ಹೋದೆ.

ರೈತನೊಬ್ಬನ ಹೆಸರು ಸರ್ಕಾರದ ಪುಸ್ತಕಕ್ಕೆ ಹೇಗೆ ಬಂತು ಎಂಬುದೇ ಒಂದು ಇತಿಹಾಸ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಧಾರವಾಡ ಸೀಮೆ ಕಂಪನಿಯ ಕೈಗೆ ಬಂದಾಗ ಊರಿನ ಲೆಕ್ಕವೆಲ್ಲ ಕುಲಕರ್ಣಿಯ ದಫ್ತರದಲ್ಲಿತ್ತು, ಹೆಚ್ಚಿನದು ಮೋಡಿ ಲಿಪಿಯಲ್ಲಿ. ಹೊಲವನ್ನು ಕೂರಿಗೆಯಲ್ಲಿ ಎಣಿಸುತ್ತಿದ್ದರು. ಒಂದು ಕೂರಿಗೆ ಬಿತ್ತುವಷ್ಟು ನೆಲ ಎಂದು. ಅದು ಊರಿಂದ ಊರಿಗೆ ಬದಲಾಗುವ ಅಳತೆ, ಅದರ ಗುಟ್ಟು ಗೌಡ ಕುಲಕರ್ಣಿಯರಿಗೇ ಗೊತ್ತು. ಕಂದಾಯ ವಸೂಲು ಮಾಡಬೇಕಾದ ಕಂಪನಿಗೆ ಇದು ಒಗ್ಗಲಿಲ್ಲ.

ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳು 1830ರ ದಶಕದಲ್ಲಿ ಪುಣೆಯ ಹತ್ತಿರದ ಇಂದಾಪುರದಲ್ಲಿ ಹೊಸ ಅಳತೆ ಶುರುಮಾಡಿದರು. 1840ರ ದಶಕದಲ್ಲಿ ಅದು ಧಾರವಾಡ ಜಿಲ್ಲೆಗೆ ಬಂತು. 33 ಅಡಿಯ ಸರಪಳಿ, ಅದರಲ್ಲಿ ಹದಿನಾರು ಆಣೆ. ಒಂದು ಸರಪಳಿ ಉದ್ದ ಒಂದು ಸರಪಳಿ ಅಗಲ ಎಂದರೆ ಒಂದು ಗುಂಟೆ, ನಲವತ್ತು ಗುಂಟೆಗೆ ಎಕರೆ. ನಾವು ಇವತ್ತಿಗೂ ಎಕರೆ ಗುಂಟೆ ಎನ್ನುವುದು ಈ ಸರಪಳಿಯ ಲೆಕ್ಕದಲ್ಲೇ.

ಅಳೆದರೆ ಸಾಲದು, ಮಣ್ಣನ್ನು ತೂಗಬೇಕು. ಪ್ರತಿಬಂದಿಯ ಕಾರಕೂನರು ಹೊಲದಲ್ಲಿ ಅಲ್ಲಲ್ಲಿ ಅಗೆದು ಆಳ ನೋಡುತ್ತಿದ್ದರು. ಒಂದೂಮುಕ್ಕಾಲು ಮೊಳ ಆಳದ ಒಂದೇ ಹದದ ಎರೆಮಣ್ಣಾದರೆ ಹದಿನಾರಾಣೆಯ ಹೊಲ. ಆಳ ಕಾಲು ಮೊಳ ಕಡಿಮೆಯಾದಂತೆ ಒಂದೊಂದು ವರ್ಗ ಕೆಳಗೆ. ಸುಣ್ಣಕಲ್ಲು, ಉಸುಕು, ಇಳಿಜಾರು ಇದ್ದರೆ ಅದಕ್ಕೆ ಇನ್ನೊಂದು ವರ್ಗ ಕಡಿತ. ಹೀಗೆ ಒಂಬತ್ತು ವರ್ಗ, ಕಟ್ಟಕಡೆಯದು ಎರಡಾಣೆಯದು. ಊರಿಗೆ ಗೊತ್ತುಮಾಡಿದ ಮೇಲಿನ ದರದಲ್ಲಿ ಹನ್ನೆರಡಾಣೆಯ ಹೊಲಕ್ಕೆ ಮುಕ್ಕಾಲು ಪಾಲು ಆಕಾರ. ಮೂವತ್ತು ವರ್ಷ ಆ ಆಕಾರ ಬದಲಾಗುವುದಿಲ್ಲ. ಹೊಲದ ಮೂಲೆಗಳಿಗೆ ಬಾಂದುಕಲ್ಲು, ಹೊಲಕ್ಕೊಂದು ಸರ್ವೆ ನಂಬರು, ನಂಬರಿಗೊಬ್ಬ ಖಾತೆದಾರ.

ನಮ್ಮ ಹೊಲದ ಹಳೆಯ ನಕಲು ಸಿಕ್ಕಿತು. ನಂಬರು ಅದೇ, ಈಗಿನ ಉತಾರದಲ್ಲಿರುವುದೇ. ಖಾತೆದಾರನ ಸಾಲಿನಲ್ಲಿ ಹಿರಿಯನ ಹೆಸರು. ಅದರ ಮುಂದೆ ‘ಬಿನ್’, ಅದರ ಮುಂದೆ ಅವನಪ್ಪನ ಹೆಸರು. ಬಿನ್ ಎಂಬುದು ಅರಬ್ಬೀ ಮಾತು, ‘ಇಂಥವನ ಮಗ’ ಎಂದು. ಸುಲ್ತಾನರು, ಮರಾಠರು, ಕಂಪನಿ ಎಲ್ಲರ ದಫ್ತರ ದಾಟಿಕೊಂಡು ಅದು ಎರೆಹೊಲದ ಕನ್ನಡ ರೈತನ ಹೆಸರಿಗೆ ಅಂಟಿಕೊಂಡು ಕೂತಿದೆ. ಹಿರಿಯನ ಅಪ್ಪನ ಹೆಸರು ಹೆಳವಜ್ಜ ಹೇಳಿದ್ದೇ ಆಗಿತ್ತು. ಬಾಯಿಂದ ಬಂದ ಒಂದು ಹೆಸರು, ನೂರೆಪ್ಪತ್ತು ಚಿಲ್ಲರೆ ವರ್ಷದ ಹಿಂದೆ ಕಾಗದಕ್ಕೆ ಬಿದ್ದ ಒಂದು ಹೆಸರು, ಎರಡೂ ಹೊಂದಿದ ಆ ಕ್ಷಣ ನನ್ನ ಕೈ ನಡುಗಿದ್ದು ನಿಜ. ಅಪ್ಪ ತಪ್ಪು ಹೇಳಿರಲಿಲ್ಲ. ಅಳೆಸಿದವನು ಅವನ ಮುತ್ತ್ಯಾನ ಹೆಸರಿನವನೇ, ಆದರೆ ಆ ಮುತ್ತ್ಯಾನ ಅಜ್ಜ.

ಆದರೆ ಈ ಪುಸ್ತಕದಿಂದ ಮುಂದೆ ಹೋಗುವುದು ಕಷ್ಟ. ಖಾತೆ ಎಂಬುದು ಕಂದಾಯ ಕಟ್ಟುವವನ ಗುರುತು, ಮನೆತನದ ಚಿತ್ರವಲ್ಲ. ಮನೆಯಲ್ಲಿ ನಾಲ್ಕು ಜನ ಅಣ್ಣತಮ್ಮಂದಿರಿದ್ದರೂ ಪುಸ್ತಕದಲ್ಲಿ ಒಬ್ಬನೇ. ಹೊಲ ಕೋರಿಗೆ ಮಾಡಿದವನು, ಸಾಲ ಕೊಟ್ಟು ಒತ್ತೆ ಹಿಡಿದವನು, ಪಾಲುದಾರ, ಯಾರೂ ಅಲ್ಲಿಲ್ಲ. ನಿಜವಾದ ಹಕ್ಕು ಯಾರದು ಎಂದು ಪುಸ್ತಕ ಹೇಳುವುದಿಲ್ಲ ಎಂಬ ತಕರಾರು ಬೆಳೆದು, ಕೊನೆಗೆ 1903ರಲ್ಲಿ ಮುಂಬಯಿ ಸರ್ಕಾರ ಹಕ್ಕುಗಳ ದಾಖಲೆಯ ಕಾನೂನು ತಂದಿತು. ಅಲ್ಲಿಯವರೆಗೆ ರೈತನ ಮನೆ ಸರ್ಕಾರದ ಕಣ್ಣಿಗೆ ಒಂದು ಹೆಸರು, ಒಂದು ನಂಬರು, ಒಂದು ಮೊತ್ತ.

ಇನಾಮದಾರರದು ಹೀಗಲ್ಲ. 1852ರಲ್ಲಿ ಇನಾಮ್ ಕಮಿಷನ್ನಿಗೆ ಕಾನೂನಿನ ಬಲ ಬಂದ ಮೇಲೆ ಕಂದಾಯವಿಲ್ಲದೆ ಭೂಮಿ ಉಣ್ಣುತ್ತಿದ್ದವರೆಲ್ಲ ತಮ್ಮ ಹಕ್ಕನ್ನು ಸಾಬೀತು ಮಾಡಬೇಕಾಯಿತು. ಸನದು ತೋರಿಸಬೇಕು, ಯಾರಿಗೆ ಕೊಟ್ಟದ್ದು, ಅವನಿಂದ ನಿಮ್ಮವರೆಗೆ ಯಾರು ಯಾರು ಎಂದು ವಂಶಾವಳಿ ಬರೆದುಕೊಡಬೇಕು. ಗೌಡಕಿ, ಕುಲಕರ್ಣಿಕೆಯ ವತನದಾರರೂ 1874ರ ವತನ ಕಾಯಿದೆಯ ನಂತರ ವಾರಸುದಾರಿಕೆಗಾಗಿ ಕಾಗದ ಹುಟ್ಟಿಸುತ್ತಲೇ ಹೋದರು. ಹಾಗಾಗಿ ದೇಸಾಯರ ವಾಡೆಯ ಇತಿಹಾಸ ಬರೆಯಲು ಕಟ್ಟುಗಟ್ಟಲೆ ದಾಖಲೆ ಸಿಗುತ್ತದೆ. ತಪ್ಪದೆ ಕಂದಾಯ ಕಟ್ಟಿದ ರೈತನ ವಂಶವನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳಿದವನು ಹೆಳವನೊಬ್ಬನೇ, ಅವನೂ ಜೋಳಕ್ಕಾಗಿ.

*

ನಡುವಿನವನನ್ನು ಹುಡುಕುವುದು ಬಾಕಿ ಇತ್ತು. ಅವನು ಖಾತೆಗೆ ಬಂದನೋ ಇಲ್ಲವೋ ತಿಳಿಯಲಿಲ್ಲ, ನಡುವಿನ ವರ್ಷಗಳ ಪುಸ್ತಕ ಸಿಗಲಿಲ್ಲ. 1872ರಲ್ಲಿ ಮುಂಬಯಿ ಪ್ರಾಂತದಲ್ಲಿ ಜನಗಣತಿ ನಡೆದಿದೆ, 1881ರಲ್ಲಿ ಮತ್ತೆ. ಎರಡರ ಒಟ್ಟು ಲೆಕ್ಕಗಳು ಅಚ್ಚಾಗಿವೆ. ಮನೆಮನೆಯ ಹೆಸರು ಬರೆದುಕೊಂಡ ಹಾಳೆಗಳು ಉಳಿದಿಲ್ಲ. ಇಂಗ್ಲೆಂಡಿನ ರೈತನ ವಂಶ ಹುಡುಕುವವರಿಗೆ ಹತ್ತು ವರ್ಷಕ್ಕೊಮ್ಮೆ ಗಣತಿಯ ಹಾಳೆಯಲ್ಲಿ ಇಡೀ ಮನೆಯೇ ಸಿಗುತ್ತದೆ, ಹೆಂಡತಿ, ಮಕ್ಕಳು, ಆಳು ಎಲ್ಲರೂ ವಯಸ್ಸಿನ ಸಮೇತ. ಅದೇ ಸರ್ಕಾರ ನಮ್ಮನ್ನು ಎಣಿಸಿ, ಮೊತ್ತ ಇಟ್ಟುಕೊಂಡು, ಹೆಸರು ಬಿಟ್ಟಿತು.

ಉತ್ತರ ಸಿಕ್ಕಿದ್ದು ಮನೆಯಲ್ಲೇ. ಅಟ್ಟದ ಮೇಲಿನ ತಗಡಿನ ಟ್ರಂಕಿನಲ್ಲಿ ಅಪ್ಪ ಪಾವತಿಗಳನ್ನೂ ಹಳೆಯ ಖತಗಳನ್ನೂ ಇಟ್ಟಿದ್ದ. ತಳದಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ. ಮೇಲೆ ವಿಕ್ಟೋರಿಯಾ ರಾಣಿಯ ತಲೆಯಿರುವ ಸ್ಟಾಂಪು. ಕನ್ನಡವೇ, ಆದರೆ ಅಕ್ಷರಕ್ಕೆ ಅಕ್ಷರ ಜೋಡಿಸಿ ಎಳೆದ ಮೋಡಿ ಬರಹ. ನನಗೆ ಒಂದು ಸಾಲೂ ಓದಲಾಗಲಿಲ್ಲ. ಹಳೆಯ ಕಾಗದ ಓದಬಲ್ಲ ಒಬ್ಬ ನಿವೃತ್ತ ಮಾಸ್ತರರ ಬಳಿಗೆ ಒಯ್ದೆ. ಅವರು ಎರಡು ದಿನ ಇಟ್ಟುಕೊಂಡು ಓದಿ ಬರೆದುಕೊಟ್ಟರು.

ಅದು ಗಹಾಣ ಖತ. ಶಕೆ 1799, ಈಶ್ವರ ಸಂವತ್ಸರ, ಜ್ಯೇಷ್ಠ ಮಾಸ. ಅಂದರೆ 1877ರ ಮುಂಗಾರಿನ ಹೊತ್ತು. ನಮ್ಮದೇ ಸರ್ವೆ ನಂಬರಿನ ಅರ್ಧ ಹೊಲವನ್ನು ಅರವತ್ತು ರೂಪಾಯಿಗೆ ಒತ್ತೆ ಇಟ್ಟದ್ದು. ಕಾರಣ ಬರೆದಿದೆ: ಹೊಟ್ಟೆಗೆ ಮತ್ತು ಬೀಜಕ್ಕೆ. ಬರೆದುಕೊಟ್ಟವರ ಹೆಸರು ಇರಬೇಕಾದ ಜಾಗ ಮಡಿಕೆಯ ಮೇಲೆ ಬಂದು ಹುಳ ತಿಂದಿದೆ. ಉಳಿದಿರುವುದು ಇಷ್ಟು: ‘...ವ್ವ ಕೋಂ’, ಆಮೇಲೆ ನಡುವಿನವನ ಹೆಸರು. ಮುಂದೆ, ‘ತಾನು ಮತ್ತು ತನ್ನ ಅಜ್ಞಾನ ಮಗ’, ಆಮೇಲೆ ಕಿರಿಯನ ಹೆಸರು.

ಗಂಡಸಿಗೆ ಬಿನ್ ಇದ್ದಂತೆ ಹೆಂಗಸಿಗೆ ಕೋಂ. ‘ಇಂಥವನ ಹೆಂಡತಿ’ ಎಂದು. ಗಂಡ ಸತ್ತ ಮೇಲೂ ಕೋಂ ಹೋಗುವುದಿಲ್ಲ. ಅಜ್ಞಾನ ಎಂದರೆ ವಯಸ್ಸಿಗೆ ಬರದವನು. ನಮ್ಮ ಕಡೆಯ ಉತಾರಗಳಲ್ಲಿ ಇವತ್ತಿಗೂ ‘ಅ.ಪಾ.ಕ. ತಾಯಿ’ ಎಂದು ಬರುತ್ತದೆ, ಅಜ್ಞಾನ ಪಾಲನಕರ್ತ ಎಂಬುದರ ಚಿಕ್ಕ ರೂಪ. ಬರದಲ್ಲಿ ಹೋದ ನಡುವಿನವನ ಹೆಂಡತಿ, ಎಳೆಯ ಮಗನನ್ನು ಕಟ್ಟಿಕೊಂಡು, ಹೊಲದ ಅರ್ಧ ಒತ್ತೆ ಇಟ್ಟು ಬೀಜ ತಂದಿದ್ದಳು.

ಕಾಗದದ ಕೆಳಗೆ ಸಹಿಯ ಜಾಗದಲ್ಲಿ ಒಂದು ಸಣ್ಣ ದುಂಡನೆಯ ಗುರುತು. ‘ಇದು ಬಳಿ’ ಎಂದರು ಮಾಸ್ತರರು. ಸಹಿ ಬಾರದ ರೈತರು ನೇಗಿಲಿನ ಗುರುತು ಹಾಕುತ್ತಿದ್ದರು, ಹೆಂಗಸರ ಹೆಸರಿನ ಮುಂದೆ ಬಳೆಯ ಗುರುತು ಬರುತ್ತಿತ್ತು. ಹೆಬ್ಬೆಟ್ಟು ಒತ್ತಿಸುವ ಪದ್ಧತಿ ಇನ್ನೂ ಬಂದಿರಲಿಲ್ಲ. ಸಾಕ್ಷಿದಾರರಲ್ಲಿ ಇಬ್ಬರದು ನೇಗಿಲು. ಗಂಡ ಸತ್ತವಳ ಕೈಯ ಬಳೆ ಆಗಲೇ ಒಡೆದಿರುತ್ತಾರೆ. ಕಾಗದದ ಮೇಲೆ ಮಾತ್ರ ಅವಳ ಗುರುತು ಬಳೆಯೇ.

*

ಆ ವರ್ಷ ಎಂಥದು ಎಂದು ಗೊತ್ತಿರದೆ ಆ ಅರವತ್ತು ರೂಪಾಯಿ ಅರ್ಥವಾಗುವುದಿಲ್ಲ. 1876ರ ಮಳೆ ಕೈಕೊಟ್ಟಿತು. ಮೈಸೂರು, ಬಳ್ಳಾರಿ, ಧಾರವಾಡದ ಪೂರ್ವದ ಎರೆಸೀಮೆ, ಆಗ ಕಲಾದಗಿ ಜಿಲ್ಲೆ ಎನ್ನಿಸಿಕೊಂಡಿದ್ದ ಈಗಿನ ವಿಜಯಪುರ ಬಾಗಲಕೋಟೆಗಳು, ಎಲ್ಲ ಕಡೆ ಬೆಳೆ ಹೋಯಿತು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕೂ ಕೆಳಗಿಳಿಯಿತು. ಕಲಾದಗಿ ಜಿಲ್ಲೆಯಲ್ಲಿ ಎರಡು ಗಣತಿಗಳ ನಡುವೆ ಸುಮಾರು ಐದನೇ ಒಂದು ಪಾಲು ಜನ ಕಡಿಮೆಯಾದರು. ಸತ್ತವರು ಎಷ್ಟು, ಗುಳೆ ಹೋದವರು ಎಷ್ಟು ಎಂದು ಆ ಲೆಕ್ಕ ಬಿಡಿಸಿ ಹೇಳುವುದಿಲ್ಲ.

ಸರ್ಕಾರ ರಸ್ತೆ, ಕೆರೆಯಂಥ ಪರಿಹಾರ ಕಾಮಗಾರಿ ತೆರೆಯಿತು. 1877ರ ಆರಂಭಕ್ಕೆ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯ ಸಲಹೆಯಂತೆ ದುಡಿಯುವ ಗಂಡಾಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕಕ್ಕೆ ಇಳಿಸಿದರು. ಅರ್ಧ ಕಿಲೋಗೂ ಕಡಿಮೆ. ಮುಂಬಯಿ ಪ್ರಾಂತದಲ್ಲಿ ಜನ ಕೆಲಸ ಬಿಟ್ಟು ಪ್ರತಿಭಟಿಸಿದರು. ಇತ್ತ ಮೂವತ್ತು ವರ್ಷದ ಅವಧಿ ಮುಗಿದ ಊರುಗಳಲ್ಲಿ ಅದೇ 1870ರ ದಶಕದಲ್ಲಿ ಮರು ಅಳತೆ ನಡೆದು ಆಕಾರ ಏರುತ್ತಿತ್ತು. ಹತ್ತು ಹದಿನೈದು ವರ್ಷದ ಹಿಂದೆ, ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು. ಹತ್ತಿಯ ಆಸೆಗೆ ಜೋಳದ ಹೊಲ ಬಿಟ್ಟವರ ಹಗೇವಿನಲ್ಲಿ ಬರ ಬಂದಾಗ ಎಷ್ಟು ಕಾಳು ಇದ್ದೀತು? ನಮ್ಮ ಹಿರಿಯರು ಹಾಗೆ ಮಾಡಿದ್ದರೆಂದು ಹೇಳಲು ನನ್ನ ಬಳಿ ಕಾಗದವಿಲ್ಲ. ಅಂಥ ಸೀಮೆಯಲ್ಲಿ ಅಂಥ ವರ್ಷದಲ್ಲಿ ಅವಳು ಬೀಜ ಕೇಳಿಕೊಂಡು ಹೋದಳು ಎಂಬುದಕ್ಕೆ ಮಾತ್ರ ಇದೆ.

ಈ ಖತ ಉಪನೋಂದಣಿ ಕಚೇರಿಯಲ್ಲಿ ಏಕೆ ಇಲ್ಲ ಎಂಬುದಕ್ಕೂ ಮೊತ್ತವೇ ಉತ್ತರ. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಒತ್ತೆಯನ್ನು ನೋಂದಣಿ ಮಾಡಲೇಬೇಕಿತ್ತು, ಅದಕ್ಕಿಂತ ಕಡಿಮೆಯದಕ್ಕೆ ಕಡ್ಡಾಯವಿರಲಿಲ್ಲ. ಬಡವರ ವ್ಯವಹಾರ ನೂರರ ಒಳಗೇ ಮುಗಿಯುತ್ತದೆ. ಅದು ಉಳಿದರೆ ಟ್ರಂಕಿನ ತಳದಲ್ಲಿ ಉಳಿಯಬೇಕು.

ಮುಂದಿನದು ಮತ್ತೆ ಸರ್ಕಾರದ ಕಾಗದ. 1903ರ ಕಾನೂನಿನ ನಂತರ ನಮ್ಮೂರಿಗೆ ಬಂದ ಹಕ್ಕು ದಾಖಲೆಯಲ್ಲಿ ಇಡೀ ನಂಬರು ಕಿರಿಯನ ಹೆಸರಿನಲ್ಲಿದೆ. ಬೋಜಾದ ಕಾಲಮಿನಲ್ಲಿ ಏನೂ ಇಲ್ಲ. ಅಂದರೆ 1877 ಮತ್ತು ಆ ದಾಖಲೆಯ ನಡುವೆ ಎಂದೋ ಒತ್ತೆ ಬಿಡಿಸಿಕೊಂಡಿದ್ದಾರೆ. ಮೂಲ ಖತ ನಮ್ಮ ಟ್ರಂಕಿನಲ್ಲಿರುವುದೂ ಅದನ್ನೇ ಹೇಳುತ್ತದೆ. ಸಾಲ ತೀರಿದ ಮೇಲೇ ಸಾವಕಾರ ಕಾಗದ ಹಿಂದಿರುಗಿಸುವುದು. ತೀರಿಸಿದವಳು ಅವಳೋ, ಬೆಳೆದ ಮಗನೋ ಗೊತ್ತಾಗುವುದಿಲ್ಲ. ಅವಳು ಆ ಜ್ಯೇಷ್ಠದಲ್ಲಿ ಹೊಲ ಮಾರದೆ ಒತ್ತೆ ಇಟ್ಟದ್ದರಿಂದ, ಮಗನನ್ನು ಬದುಕಿಸಿಕೊಂಡದ್ದರಿಂದ ಆ ನಂಬರು ಇನ್ನೂ ನಮ್ಮದಾಗಿದೆ. ಅಷ್ಟನ್ನು ಹೇಳಬಹುದು.

ಹೆಳವಜ್ಜನ ಪುಸ್ತಕದಲ್ಲಿ ಅವಳಿಲ್ಲ, ನಡುವಿನವನಿಂದ ಕಿರಿಯನಿಗೆ ಒಂದೇ ಜಿಗಿತ. ಸರ್ವೆಯ ಪುಸ್ತಕದಲ್ಲಿ ಅವಳಿಲ್ಲ. ಮನೆಯ ನೆನಪಿನಲ್ಲಿ ಅವಳ ಗಂಡನೇ ಇಲ್ಲ, ಇನ್ನು ಅವಳೆಲ್ಲಿ? ಅವಳು ಸಿಕ್ಕಿದ್ದು ಸಾಲ ಮಾಡಿದ್ದರಿಂದ.

ಇದನ್ನು ಬರೆಯುವಾಗ ಇನ್ನೊಂದು ಮಾತು ಕಾಡುತ್ತದೆ. ನಮ್ಮ ಹೊಲದಲ್ಲಿ ನಮ್ಮವರೊಂದಿಗೆ ದುಡಿದ ಮನೆತನಗಳೂ ಊರಲ್ಲಿವೆ. ಸುಗ್ಗಿಯಲ್ಲಿ ಆಯ ತೆಗೆದುಕೊಂಡು ಹೋಗುತ್ತಿದ್ದವರು, ವರ್ಷಕ್ಕಿಷ್ಟು ಎಂದು ಜೀತ ಮಾಡಿದವರು. ಅವರಿಗೆ ಸರ್ವೆ ನಂಬರಿಲ್ಲ, ಖಾತೆಯಿಲ್ಲ, ಒತ್ತೆ ಇಡಲು ಹೊಲವಿಲ್ಲ. ಬರದ ಲೆಕ್ಕದಲ್ಲಿ ಕಡಿಮೆಯಾದ ಐದನೇ ಒಂದು ಪಾಲಿನಲ್ಲಿ ಹೆಚ್ಚಿನವರು ಅಂಥವರೇ ಇದ್ದಿರಬೇಕು. ನನ್ನ ಮುತ್ತಜ್ಜನ ತಾಯಿಗೆ ‘ವ್ವ’ ಎಂಬ ಒಂದಕ್ಷರವಾದರೂ ಉಳಿದಿದೆ. ಅರ್ಧ ಹೊಲವಿತ್ತು ಎಂಬ ಕಾರಣಕ್ಕೆ.

*

ಅವಳ ಹೆಸರು ಏನಿದ್ದೀತು? ನಮ್ಮ ಸೀಮೆಯಲ್ಲಿ ‘ವ್ವ’ ಎಂದು ಮುಗಿಯದ ಹೆಂಗಸರ ಹೆಸರು ಹುಡುಕುವುದೇ ಕಷ್ಟ, ಆದ್ದರಿಂದ ಆ ಅಕ್ಷರದಿಂದ ಏನೂ ತಿಳಿಯುವುದಿಲ್ಲ. ಕಾಗದ ತೋರಿಸಿದಾಗ ಅತ್ತಿ ಬಹಳ ಹೊತ್ತು ಬಳೆಯ ಗುರುತನ್ನೇ ನೋಡಿದಳು. ಆಮೇಲೆ ಒಂದು ಮಾತು ಹೇಳಿದಳು. ಕಿರಿಯನಿಗೆ, ಅಂದರೆ ಅವಳ ಅಜ್ಜನಿಗೆ, ಇದ್ದೊಬ್ಬಳೇ ಮಗಳಿಗೆ ಅವನು ತನ್ನ ತಾಯಿಯ ಹೆಸರಿಟ್ಟಿದ್ದನಂತೆ. ಅವಳು ಕೊಟ್ಟ ಮನೆಯಲ್ಲಿ ಬೇಗ ತೀರಿಕೊಂಡಳು. ಅತ್ತಿ ಹುಟ್ಟಿದಾಗ ಆ ಹೆಸರನ್ನೇ ಇವಳಿಗೆ ಇಟ್ಟರು. ‘ಹಂಗಂತ ನಮ್ಮವ್ವ ಹೇಳತಿದ್ಲು, ಖರೆ ಸುಳ್ಳು ನನಗೇನ ಗೊತ್ತು’ ಅಂದಳು.

ಇತಿಹಾಸ ಓದಿದವಳಾಗಿ ಇದನ್ನು ಸಾಕ್ಷಿ ಎನ್ನಲಾರೆ. ಎರಡು ಬಾಯಿ ದಾಟಿ ಬಂದ ಮಾತು. ಆದರೆ ಗಂಡಸರ ಹೆಸರು ಒಂದು ಬಿಟ್ಟು ಒಂದು ತಲೆಮಾರಿಗೆ ತಿರುಗಿ ಬರುವುದನ್ನು ಹೆಳವನ ಪುಸ್ತಕದಲ್ಲೂ ಸರ್ವೆಯ ಪುಸ್ತಕದಲ್ಲೂ ಕಂಡಿದ್ದೆ. ಹೆಂಗಸರ ಹೆಸರೂ ಹಾಗೆಯೇ ಬರುತ್ತಿದ್ದರೆ, ಪುಸ್ತಕಕ್ಕೆ ಸೇರದೆ ಮಗಳಿಂದ ಮೊಮ್ಮಗಳಿಗೆ ದಾಟುತ್ತಿದ್ದರೆ, ಆ ವಂಶಾವಳಿ ಇದ್ದದ್ದು ನಮ್ಮ ಪಡಸಾಲೆಯಲ್ಲೇ.

ಕಾನೂನಿನ ಮಾತು ಬೇರೆ. ಹಿರಿಯರ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ಜಾರಿಗೆ ತಂದಿತು, ಆದರೆ ಅದಕ್ಕಿಂತ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ತಂದೆ ಆಗ ಬದುಕಿರಬೇಕೇ ಬೇಡವೇ ಎಂಬ ಗೊಂದಲವನ್ನು 2020ರಲ್ಲಿ ಸುಪ್ರೀಂ ಕೋರ್ಟು ಬಗೆಹರಿಸಿತು, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು. ಅಜ್ಜ ಸತ್ತು, ಅಪ್ಪ ಕಾಕಾ ವಾಟ್ನಿ ಮಾಡಿಕೊಂಡು ದಶಕಗಳಾದ ಮೇಲೆ ಅತ್ತಿಗೆ ಇದರಿಂದ ಸಿಗುವುದೇನು ಎಂಬುದನ್ನು ವಕೀಲರು ಹೇಳಬೇಕು. ಅವಳು ಹೊಲ ಕೇಳಿರಲಿಲ್ಲ. ಹಾಳೆಯಲ್ಲಿ ತಾನೆಲ್ಲಿ ಎಂದು ಕೇಳಿದ್ದಳು.

ವಂಶಾವಳಿ ಹೊಸದಾಗಿ ಬರೆದೆ. ಸರ್ಕಾರಕ್ಕೆ ಕೊಡುವುದರಲ್ಲಿ ಅಜ್ಜನ ಕೆಳಗೆ ಮೂವರು ಮಕ್ಕಳು, ಮೊದಲಿಗೆ ಅತ್ತಿ, ಹುಟ್ಟಿದ ಕ್ರಮದಲ್ಲಿ. ಅಪ್ಪನ ಕೆಳಗೆ ತಮ್ಮನ ಜೊತೆ ನಾನು. ತಮ್ಮ ಓದಿ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಸಹಿ ಮಾಡಿದ. ಮನೆಗೆಂದು ಇಟ್ಟುಕೊಂಡ ಇನ್ನೊಂದು ಉದ್ದನೆಯ ಹಾಳೆಯಲ್ಲಿ ಏಳು ತಲೆಮಾರು ಇವೆ. ನಡುವಿನವನ ಪಕ್ಕದಲ್ಲಿ ‘...ವ್ವ’ ಎಂದಷ್ಟೇ ಬರೆದಿದ್ದೇನೆ. ಚುಕ್ಕಿಗಳ ಜಾಗ ತುಂಬಿಲ್ಲ. ಅತ್ತಿ ಹೇಳಿದ ಹೆಸರನ್ನು ಕೆಳಗೆ ಪೆನ್ಸಿಲಿನಲ್ಲಿ ಬರೆದು, ‘ಅತ್ತಿ ಹೇಳಿದ್ದು’ ಎಂದು ಸೇರಿಸಿದ್ದೇನೆ.

ಈ ಸಲ ಸುಗ್ಗಿಯ ಮೇಲೆ ಹೆಳವಜ್ಜ ಬಂದಾಗ ಖತದ ಕತೆ ಹೇಳಿದೆ. ಅವನು ಪುಸ್ತಕ ಬಿಚ್ಚಿ ಆ ಪುಟ ತೆಗೆದ. ‘ಆಕೀ ಹೆಸರು ಹೇಳವ್ವಾ, ಬರಕೋತೀನಿ’ ಅಂದ. ನಾನು ಅತ್ತಿಯ ಕಡೆ ನೋಡಿದೆ. ಅತ್ತಿ ತನ್ನ ಹೆಸರು ಹೇಳಿದಳು.

ಅವನು ಬರೆದುಕೊಂಡ. ಜೋಳ ಅಳೆದು ಕೊಟ್ಟೆವು.